ಬಲ 16 ಎಂದರೆ ಎಷ್ಟು ಕಿಲೋ? ಮೇಜಿನ ಆಟದ ಪಾತ್ರಕ್ಕೆ ನಂಬುವಂಥ ಮೈ ಕೊಡುವ ಬಗೆ

ಮಂಗಳೂರಿನ ನಮ್ಮ ಮನೆಯ ಊಟದ ಮೇಜಿನ ಸುತ್ತ ಭಾನುವಾರ ಸಂಜೆ ಐದು ಜನ ಕೂರುತ್ತೇವೆ. ಕಾಗದ, ಪೆನ್ಸಿಲ್, ಒಂದು ಬಟ್ಟಲು ತುಂಬ ದಾಳ. ಪ್ರತಿಯೊಬ್ಬರೂ ಒಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲೇ ಕತೆ ಕಟ್ಟುತ್ತಾ ಆಡುವ ಆಟ ನಮ್ಮದು. ಲೋಕವನ್ನು ವರ್ಣಿಸಿ, ಉಳಿದೆಲ್ಲ ಪಾತ್ರಗಳನ್ನು ತಾನೇ ಆಡಿ, ಆಟವನ್ನು ಮುನ್ನಡೆಸುವವರನ್ನು ನಾವು ಭಾಗವತರು ಎಂದೇ ಕರೆಯುತ್ತೇವೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಿಲ್ಲ.

ಒಂದು ಮಳೆಗಾಲದ ಸಂಜೆ ಭಾಗವತಿಕೆ ನನ್ನದಾಗಿತ್ತು. ಹೊಳೆ ಬದಿಯ ಕೋಟೆಯೊಂದರಿಂದ ಪಾತ್ರಗಳು ತಪ್ಪಿಸಿಕೊಳ್ಳಬೇಕು. ಬಲ 16 ಇದ್ದ (ಪಾತ್ರದ ಮೈಶಕ್ತಿಯನ್ನು ಹೇಳುವ ಅಂಕೆಯೇ ಬಲ, ಸಾಮಾನ್ಯ ಮನುಷ್ಯನದು 10) ಪಾತ್ರದ ಆಟಗಾರ ಹೇಳಿದ: ಗಾಯಗೊಂಡ ಗೆಳೆಯನನ್ನು ಒಂದು ಹೆಗಲ ಮೇಲೆ, ಐವತ್ತು ಕಿಲೋ ಅಕ್ಕಿ ಮೂಟೆಯನ್ನು ಇನ್ನೊಂದು ಹೆಗಲ ಮೇಲೆ ಹೊತ್ತು ನಲವತ್ತು ಮೆಟ್ಟಿಲು ಹತ್ತುತ್ತೇನೆ. ನಾನು ಅನುಮಾನಿಸಿದೆ. ಅವನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಿಯಮದ ಪುಟ ತೆರೆದು ತೋರಿಸಿದ. ಬಲದ ಅಂಕೆಯನ್ನು 15ರಿಂದ ಗುಣಿಸಿದರೆ ಹೊರಬಹುದಾದ ಪೌಂಡುಗಳು ಸಿಗುತ್ತವೆ. 16 ಇಂಟು 15 ಎಂದರೆ 240 ಪೌಂಡು, ಸುಮಾರು 109 ಕಿಲೋ. ಗೆಳೆಯ 58 ಕಿಲೋ, ಮೂಟೆ 50. ಒಟ್ಟು 108. ನಡಿಗೆಯ ವೇಗ ಒಂದಿಷ್ಟೂ ಇಳಿಯುವುದಿಲ್ಲ.

ಲೆಕ್ಕ ಸರಿಯಿತ್ತು. ಆದರೆ ಮೇಜಿನಲ್ಲಿದ್ದ ಯಾರಿಗೂ ನಂಬಿಕೆ ಬರಲಿಲ್ಲ. ಆಗ ಗೆಳತಿಯೊಬ್ಬಳು ಅಡುಗೆಮನೆಯಲ್ಲಿದ್ದ ತುಂಬಿದ ಗ್ಯಾಸ್ ಸಿಲಿಂಡರನ್ನು ತೋರಿಸಿದಳು. ಮನೆಬಳಕೆಯ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಉಕ್ಕಿನ ತೂಕವೂ ಹೆಚ್ಚು ಕಡಿಮೆ ಅಷ್ಟೇ. ಒಟ್ಟು ಮೂವತ್ತರ ಹತ್ತಿರ. ಅದೇ ಆಟಗಾರ, ನಮ್ಮೊಳಗೆ ಎಲ್ಲರಿಗಿಂತ ಗಟ್ಟಿಮುಟ್ಟಾದವನು, ಅದನ್ನು ಎತ್ತಿಕೊಂಡು ಎರಡು ಮಹಡಿ ಹತ್ತಿ ತಾರಸಿಗೆ ಹೋದ. ದಾರಿಯಲ್ಲಿ ಎರಡು ಸಲ ಕೆಳಗಿಟ್ಟ. ಮೇಲೆ ತಲುಪಿದಾಗ ಉಕ್ಕಿನ ಹಿಡಿ ಅವನ ಬೆರಳುಗಳ ಒಳಬದಿಯಲ್ಲಿ ನಾಲ್ಕು ಕೆಂಪು ಗೆರೆ ಎಳೆದಿತ್ತು. ಪೆನ್ಸಿಲ್ ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮತ್ತೆ ಕುಳಿತಾಗ ಯಾರೂ ಕೇಳುವ ಮೊದಲೇ ಹೇಳಿದ: ಮೂಟೆಯನ್ನು ಮೆಟ್ಟಿಲ ಬುಡದಲ್ಲೇ ಬಿಡುತ್ತೇನೆ, ಗೆಳೆಯನನ್ನು ಮಾತ್ರ ಹೊರುತ್ತೇನೆ.

ಆ ಮೂಟೆಯಲ್ಲಿದ್ದದ್ದು ಹಸಿದ ಊರಿಗೆ ಒಯ್ಯಬೇಕಾಗಿದ್ದ ಅಕ್ಕಿ. ಅದನ್ನು ಬಿಟ್ಟುಹೋದ ಸಂಕಟದಿಂದ ಮುಂದಿನ ಮೂರು ವಾರಗಳ ಕತೆ ಹುಟ್ಟಿತು. ದೈಹಿಕ ಅಂಕೆಗಳು ನಿಜವೆನಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಅದಕ್ಕೆ ಹೊಸ ನಿಯಮಗಳ ರಾಶಿ ಬೇಕಾಗಿಲ್ಲ. ಪ್ರತಿ ಅಂಕೆಯನ್ನೂ ಮೇಜಿನಲ್ಲಿ ಕುಳಿತವರೆಲ್ಲರ ಕೈಗೆ ಗೊತ್ತಿರುವ ಒಂದು ಭಾರಕ್ಕೆ, ಒಂದು ಕೆಲಸಕ್ಕೆ ಕಟ್ಟಿಹಾಕಿದರೆ ಸಾಕು. ಹೇಗೆಂದು ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಅಂಕೆಗೆ ಮುನ್ನ ಮೈ ಬರೆಯಿರಿ

ಹೆಚ್ಚಿನ ಆಟಗಳಲ್ಲಿ ಪಾತ್ರ ಹುಟ್ಟುವುದು ಅಂಕೆಗಳಿಂದ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆರು ಗುಣಗಳನ್ನು ಇಟ್ಟುಕೊಂಡಿತು. ಅವುಗಳಲ್ಲಿ ಮೂರು ಮೈಗೆ ಸೇರಿದವು. ನಾವು ಅವನ್ನು ಬಲ, ಚಳಕ, ತಾಳಿಕೆ ಎನ್ನುತ್ತೇವೆ. ಮೂರು ದಾಳ ಉರುಳಿಸಿ ಕೂಡಿದರೆ 3ರಿಂದ 18ರೊಳಗೆ ಒಂದು ಅಂಕೆ ಬರುತ್ತದೆ. ಮೂರು ದಾಳಗಳು 216 ಬಗೆಯಲ್ಲಿ ಬೀಳಬಹುದು. ಅದರಲ್ಲಿ 18 ಬರುವುದು ಒಂದೇ ಬಗೆಯಲ್ಲಿ. 10 ಅಥವಾ 11 ಬರುವ ಬಗೆಗಳು 54, ಅಂದರೆ ಕಾಲುಭಾಗ. 16 ಮತ್ತು ಅದಕ್ಕಿಂತ ಮೇಲಿನದು ಬರುವುದು ಹತ್ತು ಬಗೆಯಲ್ಲಿ ಮಾತ್ರ. ಇದನ್ನು ಊರಿನ ಲೆಕ್ಕದಲ್ಲಿ ಯೋಚಿಸಿ. 216 ಜನರಿರುವ ಒಂದು ಊರಿನಲ್ಲಿ ಬಲ 18 ಇರುವವನು ಒಬ್ಬನೇ. ಊರಿನವರೆಲ್ಲ ಅವನ ಹೆಸರು ಬಲ್ಲರು. ಬಲ 16 ಮುಟ್ಟಿದವರು ಅವನೂ ಸೇರಿ ಹತ್ತು ಮಂದಿ. ತೇರು ಎಳೆಯುವ ದಿನ ಹಗ್ಗದ ಮುಂದಿನ ಸಾಲಿನಲ್ಲಿ ನಿಲ್ಲುವವರು. ಪಾತ್ರಪಟ್ಟಿಯಲ್ಲಿ 16 ಎಂದು ಬರೆಯುವಾಗ ಈ ಹತ್ತು ಮಂದಿ ಕಣ್ಣಮುಂದೆ ಇರಲಿ.

ಆದರೆ ಅದಕ್ಕೂ ಮೊದಲು ಪಾತ್ರದ ಎತ್ತರ, ತೂಕ, ವಯಸ್ಸು ಮತ್ತು ದಿನದ ದುಡಿಮೆಯನ್ನು ಬರೆಯಿರಿ. ನಾಲ್ಕೇ ಸಾಲು. ತೂಕ ಗೊತ್ತಿಲ್ಲದ ಮೈಗೆ ಬಲದ ಅಂಕೆ ಕೊಟ್ಟರೆ ಅದು ಗಾಳಿಯಲ್ಲಿ ತೂಗುತ್ತದೆ. ಇಂಥದೇ ಬೇರೆ ಆಟಗಳಾದ ರೂನ್‌ಕ್ವೆಸ್ಟ್ 1978ರಲ್ಲಿ, ಕಾಲ್ ಆಫ್ ಕ್ತುಲ್ಹು 1981ರಲ್ಲಿ ಗಾತ್ರವನ್ನೇ ಒಂದು ಪ್ರತ್ಯೇಕ ಗುಣವಾಗಿ ಇಟ್ಟವು. ಅದು ಜಾಣ ನಿರ್ಧಾರ. ನಿಮ್ಮ ಆಟದಲ್ಲಿ ಅದಿಲ್ಲದಿದ್ದರೆ ತೂಕದ ಸಾಲು ಆ ಕೆಲಸವನ್ನು ಮಾಡುತ್ತದೆ. ಗೆಳೆಯನನ್ನು ಹೊರುವಾಗ, ಮರದ ಕೊಂಬೆ ತಡೆಯುತ್ತದೆಯೇ ಎಂದು ನೋಡುವಾಗ, ದೋಣಿ ಎಷ್ಟು ಜನರನ್ನು ತಾಳುತ್ತದೆ ಎಂದು ಲೆಕ್ಕ ಹಾಕುವಾಗ ಅದು ಬೇಕೇ ಬೇಕು.

ಎರಡನೆಯ ಹೆಜ್ಜೆ: ಮೇಜಿಗೊಂದು ತೂಕದ ಕಲ್ಲು

ಹಳೆಯ ದಿನಸಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ತೂಕದ ಕಲ್ಲುಗಳು ಇರುತ್ತಿದ್ದವಲ್ಲ, ಹಾಗೆ ನಿಮ್ಮ ಮೇಜಿಗೂ ನಾಲ್ಕೈದು ಭಾರಗಳನ್ನು ಗೊತ್ತುಮಾಡಿಕೊಳ್ಳಿ. ನಮ್ಮವು ಇವು: ನೀರಿನ ಕ್ಯಾನು, 20 ಕಿಲೋ. ತುಂಬಿದ ಸಿಲಿಂಡರು, 30. ಅಕ್ಕಿ ಮೂಟೆ, 50. ತೆಳ್ಳಗಿನ ವಯಸ್ಕ, 60. ಇನ್ನೂ ಒಂದಿದೆ. ಅಷ್ಟಮಿ, ದಸರಾ ಸಮಯದಲ್ಲಿ ಹುಲಿವೇಷದವರು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ, ಒಣಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ, ನಲವತ್ತು ಕಿಲೋದ ಆಸುಪಾಸು. ಉಡುಪಿಯ ರಥಬೀದಿಯಲ್ಲಿ ಅದನ್ನು ಹತ್ತಿರದಿಂದ ಕಂಡವರಿಗೆ ಕುತ್ತಿಗೆಯ ಬಲ ಎಂದರೇನು ಎಂದು ವಿವರಿಸಬೇಕಾಗಿಲ್ಲ.

ಈಗ ನಿಮ್ಮ ಆಟದ ನಿಯಮವನ್ನು ಈ ಕಲ್ಲುಗಳಿಂದ ತೂಗಿ. 2014ರ ಐದನೇ ಆವೃತ್ತಿಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಬಲ 10 ಇರುವ ಸಾಮಾನ್ಯ ಮನುಷ್ಯ 150 ಪೌಂಡು, ಎಂದರೆ 68 ಕಿಲೋ ಹೊತ್ತು ಎಂದಿನ ವೇಗದಲ್ಲೇ ನಡೆಯಬಹುದು. ಒಂದು ಅಕ್ಕಿ ಮೂಟೆ, ಮೇಲೊಂದು ನೀರಿನ ಕ್ಯಾನು ಎಂದಿಟ್ಟುಕೊಳ್ಳಿ. ತಳ್ಳುವ, ಎಳೆಯುವ, ಎತ್ತುವ ಮಿತಿ ಅದರ ಇಮ್ಮಡಿ, 300 ಪೌಂಡು. 136 ಕಿಲೋ.

ಈ 136ರ ಪಕ್ಕದಲ್ಲಿ ಒಂದು ನಿಜವಾದ ಅಂಕೆಯನ್ನು ಇಡುತ್ತೇನೆ. ಕುಂದಾಪುರದ ಬಳಿಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತುವ ಸ್ಪರ್ಧೆಯ 56 ಕಿಲೋ ವಿಭಾಗದ ಬೆಳ್ಳಿ ಗೆದ್ದರು. ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111, ಎರಡು ಹಂತದಲ್ಲಿ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ. ವರ್ಷಗಟ್ಟಲೆ ಸಾಧನೆ ಮಾಡಿದ ಆ ಕ್ರೀಡಾಪಟು ತಲೆಯ ಮೇಲೆತ್ತಿ ನಿಲ್ಲಿಸಿದ ಭಾರಕ್ಕೂ, ನಿಯಮದ ಸಾಮಾನ್ಯ ಮನುಷ್ಯ ಎತ್ತುವ ಭಾರಕ್ಕೂ ವ್ಯತ್ಯಾಸ ಎರಡು ಕಿಲೋ. ನಿಯಮ ಹೇಳುವುದು ನೆಲದಿಂದ ಮೇಲಕ್ಕೆತ್ತುವುದನ್ನು ಮಾತ್ರ, ತಲೆಯ ಮೇಲಕ್ಕಲ್ಲ ಎಂಬುದನ್ನು ಒಪ್ಪೋಣ. ಹಾಗಿದ್ದರೂ ಬೀದಿಯಲ್ಲಿ ಸಿಗುವ ಯಾರೋ ಒಬ್ಬರು 136 ಕಿಲೋವನ್ನು ನೆಲ ಬಿಡಿಸುವುದನ್ನು ನಾನು ಕಂಡಿಲ್ಲ.

ಇದಕ್ಕೆ ಮದ್ದು ಅದೇ ಆವೃತ್ತಿಯಲ್ಲಿದೆ. ಐಚ್ಛಿಕ ನಿಯಮ ಎಂದು ಬದಿಗಿಟ್ಟಿದ್ದಾರೆ, ಅಷ್ಟೇ. ಅದರಂತೆ ಬಲದ ಐದು ಪಟ್ಟು ಪೌಂಡು ದಾಟಿದರೆ ನಡಿಗೆ ನಿಧಾನವಾಗುತ್ತದೆ; ಹತ್ತು ಪಟ್ಟು ದಾಟಿದರೆ ಇನ್ನೂ ನಿಧಾನ, ಜೊತೆಗೆ ಮೈ ಬಳಸುವ ಕೆಲಸಗಳೆಲ್ಲ ಕಷ್ಟ. ಬಲ 10ಕ್ಕೆ ಈ ಗಡಿಗಳು 23 ಮತ್ತು 45 ಕಿಲೋ. ನೀರಿನ ಕ್ಯಾನು ಹೊತ್ತು ಹಾಯಾಗಿ ನಡೆಯಬಹುದು, ಸಿಲಿಂಡರು ಹೊತ್ತರೆ ಹೆಜ್ಜೆ ಭಾರ, ಅಕ್ಕಿ ಮೂಟೆ ಹೊತ್ತರೆ ಏದುಸಿರು. ನಮ್ಮ ಕಲ್ಲುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ನೀವು ಈ ಲೇಖನದಿಂದ ಒಂದನ್ನು ಮಾತ್ರ ತೆಗೆದುಕೊಳ್ಳುವುದಾದರೆ ಈ ಐಚ್ಛಿಕ ನಿಯಮವನ್ನು ಕಡ್ಡಾಯ ಮಾಡಿಕೊಳ್ಳಿ.

1986ರಲ್ಲಿ ಬಂದ ಗರ್ಪ್ಸ್ ಎಂಬ ಇನ್ನೊಂದು ಆಟ ಬೇರೆ ದಾರಿ ಹಿಡಿಯಿತು. ಅದರ ನಾಲ್ಕನೇ ಆವೃತ್ತಿಯಲ್ಲಿ ಬಲದ ಅಂಕೆಯನ್ನು ಅದರಿಂದಲೇ ಗುಣಿಸಿ ಐದರಿಂದ ಭಾಗಿಸಿದರೆ ಮೂಲಭಾರ ಸಿಗುತ್ತದೆ. ಬಲ 10ಕ್ಕೆ 20 ಪೌಂಡು. ಎರಡು ಕೈಯಲ್ಲಿ ಎತ್ತುವ ಮಿತಿ ಅದರ ಎಂಟು ಪಟ್ಟು, 160 ಪೌಂಡು, ಸುಮಾರು 73 ಕಿಲೋ. ಬಲ 14 ಆದರೆ ಅದು 141 ಕಿಲೋಗೆ ಏರುತ್ತದೆ. ವಂಡ್ಸೆಯ 138 ಕಿಲೋ ಇಲ್ಲಿ ಬಲ 14ರ ಪಕ್ಕದಲ್ಲಿ ಬಂದು ಕೂರುತ್ತದೆ. ಅಂಕೆ ಇಮ್ಮಡಿಯಾದರೆ ಭಾರ ನಾಲ್ಮಡಿಯಾಗುವ ಈ ಸೂತ್ರ ನನಗೆ ಹೆಚ್ಚು ಹಿಡಿಸುತ್ತದೆ. ಸಾಮಾನ್ಯರಿಗೂ ಅಸಾಮಾನ್ಯರಿಗೂ ನಡುವೆ ಇರಬೇಕಾದ ದೂರ ಅದರಲ್ಲಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಎತ್ತುವುದು ಬೇರೆ, ಹೊರುವುದು ಬೇರೆ, ಏರುವುದು ಬೇರೆ

ಮಂಗಳೂರಿನ ಹಳೆ ಬಂದರಿನ ಸಗಟು ಅಂಗಡಿಗಳ ಬೀದಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಂತು ನೋಡಿ. ಲಾರಿಯಿಂದ ಮೂಟೆ ಇಳಿಸುವ ಹಮಾಲಿ ಮೂಟೆಯನ್ನು ನೆಲದಿಂದ ಎತ್ತುವುದೇ ಇಲ್ಲ. ಅವನು ಲಾರಿಯ ಹಿಂಬದಿಗೆ ಬೆನ್ನು ಕೊಟ್ಟು ಸೊಂಟ ಬಗ್ಗಿಸಿ ನಿಲ್ಲುತ್ತಾನೆ. ಮೇಲಿನ ಇಬ್ಬರು ಎರಡು ತುದಿ ಹಿಡಿದು ಮೂಟೆಯನ್ನು ಅವನ ಹೆಗಲು ಮತ್ತು ಹೆಡಕಿನ ಮೇಲೆ ಅಡ್ಡಲಾಗಿ ಇಳಿಸುತ್ತಾರೆ. ಕುತ್ತಿಗೆಯ ಹಿಂದೆ ಮಡಚಿದ ಬಟ್ಟೆ. ಮೂಟೆ ಕೂತ ಕ್ಷಣವೇ ಹೊರಡುತ್ತಾನೆ. ಚಿಕ್ಕ ಚಿಕ್ಕ ಬಿರುಸು ಹೆಜ್ಜೆ, ಮೊಣಕಾಲು ಸದಾ ಸ್ವಲ್ಪ ಬಾಗಿರುತ್ತದೆ. ದಾರಿಗೆ ಯಾರಾದರೂ ಅಡ್ಡ ಬಂದರೆ ಕೂಗುತ್ತಾನೆಯೇ ಹೊರತು ನಿಲ್ಲುವುದಿಲ್ಲ. ಭಾರ ಹೊತ್ತು ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ಗೋದಾಮಿನಲ್ಲಿ ಒಂದು ಭುಜ ತಗ್ಗಿಸಿ ಮೂಟೆಯನ್ನು ಜಾರಿಸುತ್ತಾನೆ, ಅದು ಅಟ್ಟಿಯ ಮೇಲೆ ಸರಿಯಾಗಿ ಹೋಗಿ ಬೀಳುತ್ತದೆ. ಅವನ ಮೈಕಟ್ಟು ನೋಡಿದರೆ ಜಿಮ್‌ನ ಹುಡುಗರ ಅರ್ಧದಷ್ಟೂ ಇರುವುದಿಲ್ಲ.

ಆದ್ದರಿಂದ ಬಲದ ಅಂಕೆಯ ಕೆಳಗೆ ಮೂರು ಚಿಕ್ಕ ಸಾಲು ಬರೆಯಿರಿ: ಒಂದೇ ಸಲಕ್ಕೆ ನೆಲದಿಂದ ಎತ್ತುವುದೆಷ್ಟು, ಇತರರು ಹೊರಿಸಿದರೆ ನೂರು ಹೆಜ್ಜೆ ಹೊರುವುದೆಷ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಬೆನ್ನ ಮೇಲಿಟ್ಟುಕೊಂಡು ನಡೆಯುವುದೆಷ್ಟು. ನಾನು ಬಳಸುವ ಅಳತೆ ಸರಳ. ದಿನವಿಡೀ ಹೊರುವುದು ತನ್ನ ತೂಕದ ಕಾಲುಭಾಗದಿಂದ ಮೂರನೇ ಒಂದು ಭಾಗ. ರೂಢಿಯಿರುವವರು ನೂರು ಹೆಜ್ಜೆಗೆ ತನ್ನ ತೂಕದಷ್ಟು, ರೂಢಿಯಿಲ್ಲದವರು ಅದರ ಅರ್ಧ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವಯಸ್ಕ ಪುರುಷ ಕಾರ್ಮಿಕ ಕೈಯಿಂದ ಸಾಗಿಸುವ ಭಾರಕ್ಕೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿತು. ನಿಮ್ಮ ಪಾತ್ರ ಅದಕ್ಕಿಂತ ಹೆಚ್ಚು ಹೊತ್ತು ದಿನಗಟ್ಟಲೆ ನಡೆದರೆ ಅದರ ಬೆಲೆಯನ್ನು ಸೊಂಟ, ಮೊಣಕಾಲು ತೆರಬೇಕು.

ಏರುವ ಮಾತಿಗೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಅಡಿಕೆ ತೋಟದಲ್ಲಿ ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಮರವೇರಿ, ಮರವನ್ನು ಬಾಗಿಸಿ ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟುವವರು ಸಾಮಾನ್ಯವಾಗಿ ಹಗುರ ಮೈಯವರು. ತೊಂಬತ್ತು ಕಿಲೋದ ಜಟ್ಟಿ ಆ ಕೆಲಸಕ್ಕೆ ಹೊರಟರೆ ಅಡಿಕೆ ಮರವೇ ಒಪ್ಪುವುದಿಲ್ಲ. ಏರುವಾಗ ಬೇಕಾದದ್ದು ಒಟ್ಟು ಬಲ ಅಲ್ಲ, ತನ್ನ ಮೈತೂಕಕ್ಕೆ ಹೋಲಿಸಿದ ಬಲ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ತೂಕದಿಂದ ಬಲದ ಭಾರವನ್ನು ಭಾಗಿಸಿ ನೋಡಿ. ಎರಡು ಪಾತ್ರಗಳಲ್ಲಿ ಯಾರು ಮೊದಲು ತುದಿ ಮುಟ್ಟುತ್ತಾರೆ ಎಂದು ತಾನಾಗಿ ಗೊತ್ತಾಗುತ್ತದೆ.

ದೈತ್ಯರಿಗೂ ಇದೇ ನಿಯಮ. ಆಕಾರ ಬದಲಾಗದೆ ಎತ್ತರ ಇಮ್ಮಡಿಯಾದರೆ ತೂಕ ಎಂಟು ಪಟ್ಟು, ಸ್ನಾಯುವಿನ ಬಲ ನಿಂತಿರುವ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕೇ ಪಟ್ಟು. ಗೆಲಿಲಿಯೊ 1638ರಲ್ಲಿ ದೊಡ್ಡ ಪ್ರಾಣಿಗಳ ಮೂಳೆ ಯಾಕೆ ಅಷ್ಟು ದಪ್ಪ ಎಂದು ವಿವರಿಸಿದ್ದು ಈ ಲೆಕ್ಕದಿಂದಲೇ. ಹಾಗಾಗಿ ನನ್ನ ಕತೆಗಳಲ್ಲಿ ರಕ್ಕಸರು ಜಿಗಿಯುವುದಿಲ್ಲ. ಯಕ್ಷಗಾನದ ಬಣ್ಣದ ವೇಷದ ಹಾಗೆ ಭಾರವಾಗಿ ಹೆಜ್ಜೆ ಇಡುತ್ತಾರೆ, ಬಿದ್ದರೆ ಏಳಲು ಹೊತ್ತು ಹಿಡಿಯುತ್ತದೆ.

ನಾಲ್ಕನೆಯ ಹೆಜ್ಜೆ: ಚಳಕವನ್ನು ಎರಡಾಗಿ ಸೀಳಿ

ಉಡುಪಿ ಕಡೆ ಶಂಕರಪುರದ ಮಲ್ಲಿಗೆ ಕಟ್ಟುವ ಅಮ್ಮಂದಿರನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಡಗೈಯ ಎರಡು ಬೆರಳ ನಡುವೆ ಮೊಗ್ಗು ಜೋಡಿಸಿಕೊಂಡು ಬಾಳೆ ನಾರನ್ನು ಸುತ್ತಿ ಬಿಗಿಯುವಾಗ ಕಣ್ಣು ಎಲ್ಲೋ ಇರುತ್ತದೆ, ಮಾತು ಇನ್ನೆಲ್ಲೋ. ಆ ಬೆರಳುಗಳಿಗೆ ಚಳಕ 17 ಕೊಡಲು ನಾನು ಹಿಂಜರಿಯುವುದಿಲ್ಲ. ಆದರೆ ಅದೇ ಅಂಕೆಯ ಬಲದಿಂದ ಅವರು ತೂಗಾಡುವ ದೋಣಿಯ ಅಂಚಿನ ಮೇಲೆ ಓಡುತ್ತಾರೆ, ಬಾಣ ತಪ್ಪಿಸಿಕೊಳ್ಳುತ್ತಾರೆ ಎಂದರೆ ಅದು ಅವರಿಗೂ ಮಲ್ಪೆಯ ಮೀನುಗಾರರಿಗೂ ಮಾಡುವ ಅನ್ಯಾಯ.

ಬೆರಳಿನ ಚಳಕ, ಮೈಯ ಚಳಕ ಎಂದು ಎರಡು ಅಂಕೆ ಬರೆಯಿರಿ. ಒಟ್ಟು ಬದಲಾಗದ ಹಾಗೆ ಹಂಚಿದರೆ ಆಟದ ಸಮತೋಲ ಕೆಡುವುದಿಲ್ಲ: ಚಳಕ 14 ಇದ್ದರೆ 16 ಮತ್ತು 12. ಬೀಗ, ಗಂಟು, ಬಲೆ, ಹೊಲಿಗೆ ಬೆರಳಿಗೆ. ಜಿಗಿತ, ಸಮತೋಲನ, ತಪ್ಪಿಸಿಕೊಳ್ಳುವುದು ಮೈಗೆ. ಬಿಲ್ಲಿಗೆ ಬಲವೂ ಬೇಕು, ಅದನ್ನು ಮರೆಯಬೇಡಿ. ಗಟ್ಟಿ ಬಿಲ್ಲನ್ನು ಕೊನೆಯವರೆಗೆ ಎಳೆಯಲಾಗದವನ ಬೆರಳು ಎಷ್ಟು ಚುರುಕಿದ್ದರೇನು?

ಐದನೆಯ ಹೆಜ್ಜೆ: ತಾಳಿಕೆಯನ್ನು ಬೀಜಗಳಿಂದ ಎಣಿಸಿ

ಹೆಚ್ಚಿನ ಆಟಗಳಲ್ಲಿ ತಾಳಿಕೆ ಎಂದರೆ ಪೆಟ್ಟು ತಡೆದುಕೊಳ್ಳುವ ಲೆಕ್ಕ ಮಾತ್ರ. ದಣಿವು ಆಟದೊಳಗೆ ಬರುವುದೇ ಇಲ್ಲ. ಬೆಳಗಿನವರೆಗೆ ನಡೆಯುವ ಬಯಲಾಟದಲ್ಲಿ ಕಿರೀಟ ಕಟ್ಟಿ ಧಿಗಿಣ (ಗಿರಕಿ) ಹೊಡೆದ ವೇಷಧಾರಿ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದು ಕುಳಿತಾಗ ಅವರ ಎದೆ ಏರಿಳಿಯುವುದನ್ನು ನೋಡಿದ್ದೇನೆ. ಬಣ್ಣ ಕರಗಿ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಹತ್ತು ನಿಮಿಷದ ಬಳಿಕ ಮತ್ತೆ ರಂಗಕ್ಕೆ ಹೋಗಿ ಮೊದಲಿನ ಬಿರುಸಿನಲ್ಲೇ ಕುಣಿದರು. ಆ ಹತ್ತು ನಿಮಿಷವೇ ತಾಳಿಕೆ: ಎಷ್ಟು ಹೊತ್ತು ಎಳೆಯಬಲ್ಲರು, ಎಷ್ಟು ಬೇಗ ಮರಳಿ ಸಿದ್ಧರಾಗುತ್ತಾರೆ.

ನಾವು ಇದಕ್ಕೆ ಚೆನ್ನೆಮಣೆ ಎಂಬ ಗುಳಿಮಣೆ ಆಟದ ಮಂಜೊಟ್ಟಿ ಬೀಜಗಳನ್ನು ಬಳಸುತ್ತೇವೆ. ತಾಳಿಕೆಯ ಅಂಕೆಯ ಅರ್ಧದಷ್ಟು ಬೀಜ ಪ್ರತಿಯೊಬ್ಬರ ಮುಂದೆ. ಒಂದು ಕಾಳಗಕ್ಕೆ ಒಂದು ಬೀಜ, ಓಟಕ್ಕೆ ಒಂದು, ಭಾರ ಹೊತ್ತು ಏರುವುದಕ್ಕೆ ಎರಡು. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಕತೆ ನಡೆಯುತ್ತಿದ್ದರೆ ಎಲ್ಲದಕ್ಕೂ ಇನ್ನೊಂದು ಹೆಚ್ಚು. ನಮ್ಮಲ್ಲಿ ಬಿಸಿಲಿಗಿಂತ ಕಾಡುವುದು ಗಾಳಿಯ ತೇವ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದರ ಮೇಲೆ ಉಕ್ಕಿನ ಕವಚ ತೊಟ್ಟ ಪಾತ್ರಕ್ಕೆ ಮತ್ತೂ ಒಂದು ಬೀಜ ಕಳೆಯಿರಿ. ನೆರಳಿನಲ್ಲಿ ಅರ್ಧ ಗಂಟೆ ಕುಳಿತು ನೀರು ಕುಡಿದರೆ ಎರಡು ಬೀಜ ಮರಳುತ್ತವೆ, ಉಳಿದದ್ದು ನಿದ್ದೆಯಲ್ಲಿ. ಬೀಜ ಮುಗಿದ ಮೇಲೂ ಕೆಲಸ ಮಾಡಬಹುದು, ಆದರೆ ಪ್ರತಿ ಸಲ ದಾಳ ಉರುಳಿಸಬೇಕು, ತಪ್ಪಿದರೆ ಕುಸಿಯಬೇಕು. ಕೆಂಪು ಬೀಜ ಒಂದೊಂದಾಗಿ ಬಟ್ಟಲಿಗೆ ಬೀಳುವುದನ್ನು ನೋಡುತ್ತಾ ಆಟಗಾರರು ತಾವಾಗಿಯೇ ನೆರಳು ಹುಡುಕತೊಡಗುತ್ತಾರೆ. ನಾನು ಹೇಳುವ ಅಗತ್ಯವೇ ಬೀಳುವುದಿಲ್ಲ.

ಉಸಿರು ಹಿಡಿಯುವ ವಿಷಯದಲ್ಲಿ ಐದನೇ ಆವೃತ್ತಿ ತಾಳಿಕೆ 10ಕ್ಕೆ ಒಂದು ನಿಮಿಷ, 20ಕ್ಕೆ ಆರು ನಿಮಿಷ ಕೊಡುತ್ತದೆ. ಅಲುಗಾಡದೆ ಇದ್ದರೆ ಆ ಒಂದು ನಿಮಿಷವನ್ನು ಒಪ್ಪಬಹುದು. ನೀರಿನಡಿ ಈಜುತ್ತಿದ್ದರೆ ಅರ್ಧ, ಹೊಡೆದಾಡುತ್ತಿದ್ದರೆ ಕಾಲುಭಾಗ ಎಂದು ಇಟ್ಟುಕೊಳ್ಳಿ.

ವೇಗದ ಬಗ್ಗೆ ಎರಡು ಮಾತು

ಇಲ್ಲಿ ನಿಯಮ ವಿರುದ್ಧ ದಿಕ್ಕಿನಲ್ಲಿ ತಪ್ಪುತ್ತದೆ. ಐದನೇ ಆವೃತ್ತಿಯಲ್ಲಿ ಮನುಷ್ಯ ಆರು ಸೆಕೆಂಡಿಗೆ 30 ಅಡಿ ನಡೆಯುತ್ತಾನೆ, ಪೂರ್ತಿ ಓಡಿದರೆ 60 ಅಡಿ. ಆ ಓಟದಲ್ಲಿ 100 ಮೀಟರಿಗೆ ಸುಮಾರು 33 ಸೆಕೆಂಡು ಬೇಕು. ಉಸೇನ್ ಬೋಲ್ಟ್ 2009ರಲ್ಲಿ ಅದನ್ನು 9.58 ಸೆಕೆಂಡಿನಲ್ಲಿ ಓಡಿದರು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.50 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ದಾಟಿದರು. ಆಟದ ಮನುಷ್ಯನಿಗೆ ಅಷ್ಟು ದೂರಕ್ಕೆ 47 ಸೆಕೆಂಡು ಬೇಕು. ಕಂಬಳದ ವೇಗದಲ್ಲಿ ಕೋಣಗಳ ಎಳೆತವೂ ಸೇರಿದೆ, ಬೋಲ್ಟ್ ಓಟದ ಜೊತೆ ಅದನ್ನು ಸಮ ಮಾಡುವಂತಿಲ್ಲ. ಆದರೆ ಕೆಸರು ನೀರಿನಲ್ಲಿ ಆ ವೇಗದ ಹಿಂದೆ ಕಾಲು ಕೀಳುತ್ತಾ ಬೀಳದೆ ಉಳಿಯುವುದೇ ಒಂದು ಗುಣ. ಅದಕ್ಕೆ ಬಲ, ಮೈಯ ಚಳಕ, ತಾಳಿಕೆ ಮೂರೂ ಬೇಕು. ಅಂಥ ಓಟಕ್ಕೆ ಮೂರರಲ್ಲಿ ಯಾವುದು ಕಡಿಮೆಯೋ ಆ ಅಂಕೆಯನ್ನೇ ಹಿಡಿಯಿರಿ.

ಅಟ್ಟಿಸಿಕೊಂಡು ಹೋಗುವ ಸನ್ನಿವೇಶ ಬಂದಾಗ ಅಡಿ, ಸೆಕೆಂಡುಗಳನ್ನು ಬದಿಗಿಟ್ಟು ಯಾರು ಹಗುರ, ಯಾರು ಬರಿಗಾಲು, ಯಾರಿಗೆ ದಾರಿ ಗೊತ್ತು ಎಂದು ಕೇಳಿ.

ಆರನೆಯ ಹೆಜ್ಜೆ: ದಾಳ ಕೆಳಗಿಡಬೇಕಾದ ಹೊತ್ತು

ಬಲ 8 ಇರುವವನೂ 18 ಇರುವವನೂ ಪಂಜ ಹಿಡಿದು ಕೈ ಮಣಿಸುವ ಆಟಕ್ಕೆ ಕುಳಿತರೆಂದುಕೊಳ್ಳಿ. ಐದನೇ ಆವೃತ್ತಿಯಲ್ಲಿ ಇಬ್ಬರೂ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ, ಹೆಚ್ಚು ಬಂದವನು ಗೆಲ್ಲುತ್ತಾನೆ; ಬಲ 8 ಇದ್ದವನಿಗೆ ಒಂದು ಕಳೆಯಬೇಕು, 18 ಇದ್ದವನಿಗೆ ನಾಲ್ಕು ಕೂಡಬೇಕು. ನೂರು ಪಂದ್ಯದಲ್ಲಿ ಸುಮಾರು ಇಪ್ಪತ್ತಾರರಲ್ಲಿ ನಿಶ್ಶಕ್ತನೇ ಗೆಲ್ಲುತ್ತಾನೆ. ಊರಿಗೊಬ್ಬ ಜಟ್ಟಿ ನಾಲ್ಕರಲ್ಲಿ ಒಂದು ಸಲ ಸೋಲುತ್ತಿದ್ದರೆ ಅವನ ಹೆಸರು ಊರಿಗೆ ಹೇಗೆ ಗೊತ್ತಾಗುತ್ತಿತ್ತು? ಅದರ ಬದಲು ಇಬ್ಬರೂ ಆರು ಮುಖದ ಮೂರು ಮೂರು ದಾಳ ಉರುಳಿಸಿ ಅದೇ ಕೂಡು-ಕಳೆ ಮಾಡಿದರೆ ನಿಶ್ಶಕ್ತ ಗೆಲ್ಲುವುದು ನೂರರಲ್ಲಿ ಹತ್ತಕ್ಕಿಂತ ಕಡಿಮೆ. ಬರಿಯ ಮೈಬಲದ ಸ್ಪರ್ಧೆಗಳಿಗೆ ನಾವು ಈ ಪದ್ಧತಿಗೆ ಬಂದಿದ್ದೇವೆ.

ತೂಕ ಮಿತಿಯೊಳಗಿದ್ದರೆ ದಾಳ ಬೇಡ, ಎತ್ತಿದನೆಂದೇ ಹೇಳಿ. ಮಿತಿಯ ಒಂದೂವರೆ ಪಟ್ಟು ದಾಟಿದರೆ ಆಗಲೂ ಬೇಡ. ಇಪ್ಪತ್ತು ಬಿದ್ದರೂ ಬಂಡೆ ಕದಲುವುದಿಲ್ಲ. ಅಂಥಲ್ಲಿ ಆಟಗಾರರನ್ನು ಉಪಾಯ ಕೇಳಿ: ಸನ್ನೆಗೋಲು ಸಿಗುತ್ತದೆಯೇ, ಹಗ್ಗಕ್ಕೆ ಇನ್ನೂ ನಾಲ್ಕು ಕೈ ಸೇರಿಸಬಹುದೇ? ಇವೆರಡರ ನಡುವಿನ ಕಿರಿದಾದ ಜಾಗಕ್ಕೆ ಮಾತ್ರ ದಾಳ.

ಏಳನೆಯ ಹೆಜ್ಜೆ: ಸರಾಸರಿಯನ್ನು ಪಾತ್ರದ ಮೇಲೆ ಹೇರಬೇಡಿ

ಇದನ್ನು ನಾನು ನೋವಿನಿಂದಲೇ ಕಲಿತೆ. ಮೇಜಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸಿನ ಪಾತ್ರ ಬರೆದಳು, ಬಲ 17. ಇನ್ನೊಬ್ಬ ಆಟಗಾರ ಇದು ನೈಜವಲ್ಲ ಎಂದ. ನಾನು ಮಧ್ಯೆ ಬರದೆ ಚರ್ಚೆ ನಡೆಯಲು ಬಿಟ್ಟೆ. ಅವಳು ಅಂಕೆಯನ್ನು 12ಕ್ಕೆ ಇಳಿಸಿದಳು, ಮುಂದಿನ ಭಾನುವಾರ ಬರಲಿಲ್ಲ. ನಾನೇ ಮನೆಗೆ ಹೋಗಿ ಕ್ಷಮೆ ಕೇಳಿ ಕರೆತಂದೆ.

ಈ ತಪ್ಪಿಗೆ ಹಳೆಯ ಇತಿಹಾಸವಿದೆ. 1978ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಗಾರರ ಕೈಪಿಡಿ ಹೆಣ್ಣು ಪಾತ್ರಗಳ ಬಲಕ್ಕೆ ಕಡಿಮೆ ಮಿತಿ ಹಾಕಿತ್ತು. 1989ರ ಎರಡನೇ ಆವೃತ್ತಿ ಅದನ್ನು ಕೈಬಿಟ್ಟಿತು. ಗಂಡಸರ ಸರಾಸರಿ ಬಲ ಹೆಚ್ಚು ಎಂಬುದು ಗುಂಪಿನ ಬಗ್ಗೆ ನಿಜ. ಪಾತ್ರ ಗುಂಪಲ್ಲ, ಒಬ್ಬ ವ್ಯಕ್ತಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು 49 ಕಿಲೋ ವಿಭಾಗದಲ್ಲಿ 115 ಕಿಲೋವನ್ನು ತಲೆಯ ಮೇಲಕ್ಕೆತ್ತಿ ಬೆಳ್ಳಿ ತಂದರು. ನಮ್ಮ ಮೇಜಿನಲ್ಲಿ ಸಿಲಿಂಡರನ್ನು ನಡುವೆ ಇಳಿಸದೆ ತಾರಸಿಗೆ ಒಯ್ದವರು ಒಬ್ಬರೂ ಇಲ್ಲ.

ವಯಸ್ಸಾದ ಪಾತ್ರ, ಅಂಗವೈಕಲ್ಯವಿರುವ ಪಾತ್ರ ಬಂದಾಗಲೂ ಆಟಗಾರರನ್ನೇ ಕೇಳಿ: ಈ ಮೈಗೆ ಯಾವ ಕೆಲಸ ಸುಲಭ, ಯಾವುದು ಕಷ್ಟ, ಕಷ್ಟದ್ದನ್ನು ಅದು ಹೇಗೆ ಮಾಡಲು ಕಲಿತಿದೆ? ಆ ಉತ್ತರವನ್ನು ಬರೆದುಕೊಳ್ಳಿ, ಅದನ್ನೇ ನಿಯಮವಾಗಿ ಹಿಡಿಯಿರಿ.

ಒಂದು ಪಾತ್ರಪಟ್ಟಿ

ಆ ಹುಡುಗಿ ಮತ್ತೆ ಬರೆದ ಪಾತ್ರ ಹೀಗಿದೆ. ವಯಸ್ಸು 41, ಎತ್ತರ ಐದಡಿ ಒಂದಿಂಚು, ತೂಕ 56 ಕಿಲೋ. ದುಡಿಮೆ: ಬೆಳಿಗ್ಗೆ ಕೈರಂಪಣಿ ಬಲೆ ಎಳೆಯುವವರ ಜೊತೆ ಹಗ್ಗಕ್ಕೆ ಕೈ, ಆಮೇಲೆ ತಲೆಯ ಮೇಲೆ ಬುಟ್ಟಿ. ಬಲ 17. ನೆಲದಿಂದ ಎತ್ತುವುದು 90 ಕಿಲೋ. ಹೊರಿಸಿದರೆ ನೂರು ಹೆಜ್ಜೆ 60. ದಿನವಿಡೀ 18. ಬೆರಳಿನ ಚಳಕ 13, ಬಲೆಯ ತೂತು ಹೊಲಿಯುವಷ್ಟು. ಮೈಯ ಚಳಕ 11. ಎಡ ಮೊಣಕಾಲು ಮಳೆಗಾಲದಲ್ಲಿ ನೋಯುತ್ತದೆ. ತಾಳಿಕೆ 16, ಎಂಟು ಬೀಜ.

ಕಳೆದ ವಾರ ದೋಣಿ ಮಗುಚಿತು. ದಡ ಇನ್ನೂರು ಹೆಜ್ಜೆ ದೂರ, ನೀರು ಸೊಂಟದ ಮಟ್ಟ, ಗೆಳೆಯನಿಗೆ ಪ್ರಜ್ಞೆಯಿಲ್ಲ, 62 ಕಿಲೋ. ಅವಳು ಪಟ್ಟಿಯನ್ನೊಮ್ಮೆ ನೋಡಿದಳು. ಹೆಗಲಿಗೇರಿಸಿದರೆ ಮಿತಿ ದಾಟುತ್ತದೆ. ನೀರು ಅವನ ಭಾರವನ್ನು ಹೊರುವಷ್ಟು ದೂರ ಕಂಕುಳಿಗೆ ಕೈ ಕೊಟ್ಟು ತೇಲಿಸಿ ಎಳೆಯುತ್ತೇನೆ, ಮರಳು ಮುಟ್ಟಿದ ಮೇಲೆ ಕೂಗಿ ಜನ ಕರೆಯುತ್ತೇನೆ ಎಂದಳು. ಮೂರು ಬೀಜಗಳನ್ನು ತಾನೇ ಎತ್ತಿ ಬಟ್ಟಲಿಗೆ ಹಾಕಿದಳು. ನಾನು ದಾಳ ಕೇಳಲಿಲ್ಲ.